ಥಿಯರಂ ಸಿಕ್ಕ ಮೇಲೆ ಶುರುವಾದ ಕೆಲಸ

ನನ್ನ ವಿಷಯ ಪಾರ್ಟಿಷನ್. ಒಂದು ಸಂಖ್ಯೆಯನ್ನು ಎಷ್ಟು ರೀತಿಯಲ್ಲಿ ಕೂಡಿಸಿ ಬರೆಯಬಹುದು ಅನ್ನೋ ಲೆಕ್ಕ. 4ಕ್ಕೆ ಐದು ರೀತಿ: 4, 3+1, 2+2, 2+1+1, 1+1+1+1. 9ಕ್ಕೆ 30, 14ಕ್ಕೆ 135. ಸಂಖ್ಯೆಯ ಕೊನೆಯ ಅಂಕಿ 4 ಅಥವಾ 9 ಆಗಿದ್ದರೆ ಈ ಎಣಿಕೆ 5ರಿಂದ ಭಾಗವಾಗುತ್ತದೆ ಅಂತ ರಾಮಾನುಜನ್ 1919ರಲ್ಲಿ ತೋರಿಸಿದ್ದರು. ನನಗೆ ಸಿಕ್ಕಿದ್ದು ಇದೇ ಜಾತಿಯ ಇನ್ನೊಂದು ಸಣ್ಣ ಫಲಿತಾಂಶ. ಅದನ್ನು ಪೇಪರ್ ಆಗಿ ಬರೆದು ಜರ್ನಲ್ಲಿಗೆ ಕಳಿಸಿದ ಕಥೆ ಇದು.

ಈ ದಾರಿಯಲ್ಲಿ ಓಡಾಡಿದವರು ಬಹಳ ಜನ. ನಮ್ಮ ಮೈಸೂರಿನಲ್ಲೇ ಎಷ್ಟೋ ವರ್ಷದಿಂದ ಕೆಲಸ ನಡೆದಿದೆ. ಹಾಗಾಗಿ ಬರೆಯುವ ಮೊದಲು ಯಾರಾದರೂ ಆಗಲೇ ಮಾಡಿಬಿಟ್ಟಿದ್ದಾರಾ ಅಂತ ಹುಡುಕಿದೆ. ನನ್ನ ಎಣಿಕೆಯಿಂದ ಬರುವ ಸರಣಿಯ ಮೊದಲ ಕೆಲವು ಸಂಖ್ಯೆಗಳನ್ನು ಓಇಐಎಸ್‌ಗೆ, ಅಂದರೆ ಸಂಖ್ಯಾ ಸರಣಿಗಳ ಆನ್‌ಲೈನ್ ಕೋಶಕ್ಕೆ, ಹಾಕಿ ನೋಡಿದೆ. ಆಮೇಲೆ ಗಣಿತದ ಪೇಪರ್‌ಗಳನ್ನು ಹುಡುಕುವ ತಾಣ ಝಡ್‌ಬಿ ಮ್ಯಾಥ್. 2021ರಿಂದ ಅದು ಎಲ್ಲರಿಗೂ ಉಚಿತ. ಕಾಲೇಜಿನಲ್ಲಿ ಮ್ಯಾಥ್‌ಸೈನೆಟ್ (ಇಂಥದ್ದೇ, ಆದರೆ ಚಂದಾ ಕಟ್ಟಬೇಕಾದ ತಾಣ) ಇಲ್ಲದವರಿಗೆ ಇದು ದೊಡ್ಡ ಅನುಕೂಲ.

ಬರೆಯುವಾಗ ಹೆಚ್ಚು ಹೊತ್ತು ತಿಂದಿದ್ದು ಪೀಠಿಕೆ. ಅದನ್ನು ಕೊನೆಗೆ ಬರೆದೆ. ಜರ್ನಲ್ ಪರವಾಗಿ ಪೇಪರ್ ಪರೀಕ್ಷಿಸುವ ರೆಫರಿ ಪುಕ್ಕಟೆ ಓದುವವರು, ಅವರಿಗೂ ಪಾಠ, ಪರೀಕ್ಷೆ, ಮನೆ ಎಲ್ಲಾ ಇರುತ್ತದೆ ಅಲ್ವಾ? ಮೂರನೇ ಪುಟದವರೆಗೆ ಥಿಯರಂ ಹುಡುಕುವಂತೆ ಮಾಡಿದರೆ ಅವರಿಗೆ ಬೇಜಾರಾಗುತ್ತದೆ. ಮೊದಲ ಪುಟದಲ್ಲೇ ಥಿಯರಂ, ಅದರ ಕೆಳಗೇ ಸಂಖ್ಯೆ ಹಾಕಿ ಒಂದು ಉದಾಹರಣೆ, ಹಿಂದಿನವರ ಫಲಿತಾಂಶಕ್ಕಿಂತ ಇದು ಎಲ್ಲಿ ಮುಂದೆ ಹೋಗಿದೆ ಅನ್ನೋ ಒಂದು ಪ್ಯಾರಾ. ಇಷ್ಟು ಕೂತ ಮೇಲೆ ಉಳಿದದ್ದು ಸಲೀಸು. ಗಣಿತ ಬರಹ ಜೋಡಿಸುವ ಲೇಟೆಕ್‌ನಲ್ಲಿ ಎಎಂಎಸ್‌ಆರ್ಟ್ ಅನ್ನೋ ಪೇಪರ್ ಅಚ್ಚು ಬಳಸಿದೆ. ಪೇಪರ್ ಗಣಿತದ ಯಾವ ಶಾಖೆಯದು ಅಂತ ಹೇಳುವ ವಿಷಯ ಸಂಕೇತ 11ಪಿ83.

ಜರ್ನಲ್ ಆರಿಸೋಕೆ ಪಟ್ಟಿ, ರ‍್ಯಾಂಕಿಂಗ್ ಯಾವುದನ್ನೂ ಮೊದಲು ನೋಡಲಿಲ್ಲ. ನನ್ನದೇ ಆಕರಪಟ್ಟಿ ತೆಗೆದು, ಯಾವ ಜರ್ನಲ್ ಪದೇಪದೇ ಬರುತ್ತಿದೆ ಅಂತ ನೋಡಿದೆ. ಅಲ್ಲಿನ ಓದುಗರೇ ನನ್ನ ಓದುಗರು. ಸಂಪಾದಕ ಮಂಡಳಿಯಲ್ಲಿ ಪಾರ್ಟಿಷನ್ ಬಲ್ಲವರು ಇದ್ದಾರಾ ಅಂತಲೂ ನೋಡಿದೆ. "ಒಂದೇ ವಾರದಲ್ಲಿ ಪ್ರಕಟಣೆ, ಶುಲ್ಕ ಇಷ್ಟು" ಅನ್ನೋ ಮೇಲ್‌ಗಳು ಬರುತ್ತಲೇ ಇರುತ್ತವೆ. ಗಣಿತದಲ್ಲಿ ಒಂದು ವಾರಕ್ಕೆ ಪ್ರೂಫ್ ಪರೀಕ್ಷಿಸುವವರು ಯಾರು ಸ್ವಾಮಿ? ಅವನ್ನು ಅಳಿಸಿ ಹಾಕಿದೆ.

ಪ್ರಕಟಣೆಗೆ ಮೊದಲೇ ಪೇಪರ್‌ಗಳನ್ನು ಎಲ್ಲರಿಗೂ ಓದಲು ಇಡುವ ಆರ್ಕೈವ್ ತಾಣಕ್ಕೆ ಪ್ರತಿ ಏರಿಸಿ, ಜರ್ನಲ್ಲಿಗೆ ಪಿಡಿಎಫ್ ಕಳಿಸಿದೆ. ಜೊತೆಗೆ ಸಂಪಾದಕರಿಗೆ ನಾಲ್ಕೇ ಸಾಲಿನ ಪತ್ರ: ಏನು ಸಾಧಿಸಿದ್ದೇನೆ, ಬೇರೆಲ್ಲೂ ಕಳಿಸಿಲ್ಲ. ಒಂದೇ ಸಲ ಎರಡು ಜರ್ನಲ್ಲಿಗೆ ಕಳಿಸುವಂತಿಲ್ಲ, ಅದು ಕಟ್ಟುನಿಟ್ಟು. ಆಮೇಲೆ ತಿಂಗಳುಗಟ್ಟಲೆ ಕಾಯುವುದು. ನಮ್ಮ ವಿಷಯದಲ್ಲಿ ಅದು ಮಾಮೂಲು. ಸುಮ್ನೆ ದಿನಾ ಲಾಗಿನ್ ಆಗಿ ನೋಡಿ ಪ್ರಯೋಜನವಿಲ್ಲ.

ರೆಫರಿ ವರದಿ ಬಂತು. ಎರಡನೇ ಲೆಮ್ಮಾದಲ್ಲಿ (ಥಿಯರಂಗೆ ಮೆಟ್ಟಿಲಾಗುವ ಸಣ್ಣ ಫಲಿತಾಂಶ) "ಸುಲಭವಾಗಿ ಕಾಣುತ್ತದೆ" ಅಂದಿದ್ದ ಕಡೆ ಎರಡು ಸಾಲು ಸೇರಿಸಿ ಅಂದಿದ್ದರು. ಪ್ರತಿ ಟಿಪ್ಪಣಿಯನ್ನೂ ನಕಲು ಮಾಡಿ, ಅದರ ಕೆಳಗೆ ಉತ್ತರ, ತಿದ್ದಿದ ಪುಟದ ಸಂಖ್ಯೆ ಬರೆದೆ. ಒಂದು ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಕಾರಣ ಕೊಟ್ಟು ಬಿಟ್ಟೆ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಒಪ್ಪಿಗೆಯಾದ ಮೇಲೆ ಅಚ್ಚಿನ ಕರಡು ಬಂದಾಗ ಸೂತ್ರಗಳನ್ನೆಲ್ಲ ಮೂಲದ ಪಕ್ಕ ಇಟ್ಟು ಒಂದೊಂದಾಗಿ ಓದಿದೆ. ಒಂದು ಕಡೆ, ಭಾಗಿಸಿದಾಗ ಎರಡರ ಶೇಷವೂ ಒಂದೇ ಅಂತ ಹೇಳುವ ≡ ಚಿಹ್ನೆ ಬರೀ = ಆಗಿ ಕೂತಿತ್ತು. ಇಡೀ ಪೇಪರ್ ಶೇಷದ ಮೇಲೆ ನಿಂತಿರುವಾಗ ಆ ಒಂದು ಗೆರೆ ಹೋದರೆ ಥಿಯರಮ್ಮೇ ಸುಳ್ಳು. ಗುರುತು ಹಾಕಿ ಅವತ್ತೇ ವಾಪಸ್ ಕಳಿಸಿದೆ.