ನೀಸ್ ಪ್ರವಾಸಕ್ಕೆ ಸಿದ್ಧತೆ

ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ನಗರಕ್ಕೆ ಹೋಗಬಯಸುವವರು ಮೊದಲು ತಿಂಗಳನ್ನು ನಿರ್ಧರಿಸಬೇಕು. ಜುಲೈ, ಆಗಸ್ಟ್‌ನಲ್ಲಿ ಜನದಟ್ಟಣೆಯೂ ಕೋಣೆಗಳ ಬಾಡಿಗೆಯೂ ವಿಪರೀತವಾಗಿರುವುದರಿಂದ, ಬೇಸಿಗೆಯ ಬಿಸಿಲಿಗೆ ಕಾದ ಸಮುದ್ರ ಇನ್ನೂ ಬೆಚ್ಚಗಿರುವ ಸೆಪ್ಟೆಂಬರನ್ನೇ ನಾನು ಮನಸಾರೆ ಸೂಚಿಸುತ್ತೇನೆ.

ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಪ್ರವೇಶ ಪರವಾನಗಿ ಬೇಕು. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದಲೇ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಕಡ್ಡಾಯ.

ವಿಮಾನ ನಿಲ್ದಾಣದಿಂದ ಊರೊಳಕ್ಕೆ ಟ್ರಾಮ್‌ನ 2ನೇ ಮಾರ್ಗವಿದೆ, ಟ್ಯಾಕ್ಸಿಯ ಅಗತ್ಯವಿಲ್ಲ.

ಇಲ್ಲಿಯ ಕಡಲತೀರ ಮಲ್ಪೆಯಂತೆ ಮರಳಿನದಲ್ಲ. ಅಂಗೈಯಗಲದ ನುಣುಪಾದ ಬೂದುಗಲ್ಲುಗಳು ಹಾಸಿಕೊಂಡಿದ್ದು, ಬರಿಗಾಲಿಗೆ ಒತ್ತುತ್ತವೆ, ಮಧ್ಯಾಹ್ನ ಸುಡುತ್ತವೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನೀರು ಆಳವಾಗುವುದರಿಂದ, ನೀರಿಗಿಳಿಯಲು ರಬ್ಬರ್ ಅಡಿಯ ಪಾದರಕ್ಷೆ ಒಯ್ಯಿರಿ, ಮಕ್ಕಳನ್ನು ಕೈಬಿಡಬೇಡಿ. ಚಿಕ್ಕ ಮಕ್ಕಳಿದ್ದರೆ ರೈಲಿನಲ್ಲಿ ಕೆಲವೇ ನಿಮಿಷ ದೂರದ ವಿಲ್‌ಫ್ರಾಂಷ್‌ನ ಶಾಂತ ಕೊಲ್ಲಿಗೆ ಹೋಗುವುದು ಲೇಸು.

ದಿನಗಳನ್ನು ಹೊಂದಿಸುವಾಗ ವಾರದ ರಜೆಗಳನ್ನು ಗಮನಿಸಿ: ಹಳೆಯ ಊರಿನ ಕೂರ್ ಸಲೇಯಾ ಚೌಕದ ಹೂವು-ತರಕಾರಿ ಸಂತೆಯ ಜಾಗದಲ್ಲಿ ಸೋಮವಾರ ಹಳೆಯ ವಸ್ತುಗಳ ಮಾರಾಟ ನಡೆಯುತ್ತದೆ, ಚಿತ್ರಕಾರರಾದ ಮತೀಸ್ ಮತ್ತು ಶಗಾಲ್ ಅವರ ವಸ್ತುಸಂಗ್ರಹಾಲಯಗಳಿಗೆ ಮಂಗಳವಾರ ರಜೆ.

ಸಸ್ಯಾಹಾರಿಗಳು ಊಟದ ಬಗ್ಗೆ ಎಚ್ಚರ ವಹಿಸಬೇಕು. ಈ ಊರಿನ ಹೆಸರಾಂತ ಸಲಾಡ್‌ನಲ್ಲೂ, ರೊಟ್ಟಿ ಹಿಟ್ಟಿನ ಮೇಲೆ ಈರುಳ್ಳಿ ಹರಡಿ ಬೇಯಿಸುವ ಪಿಸಲಾದಿಯೇರ್‌ನಲ್ಲೂ ಮೀನು ಸೇರಿರುತ್ತದೆ. ಆದರೆ ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆಯಿಂದ ಅಗಲವಾದ ತಾಮ್ರದ ತಟ್ಟೆಯಲ್ಲಿ ಬೇಯಿಸುವ ಸೊಕ್ಕಾವನ್ನು ನಿಶ್ಚಿಂತೆಯಿಂದ ತಿನ್ನಬಹುದು. ಅಂಚು ಗರಿಗರಿಯಾಗಿ, ನಡುವೆ ಮೆತ್ತಗಿರುವ ಅದನ್ನು ಕಾಳುಮೆಣಸಿನ ಪುಡಿ ಉದುರಿಸಿಕೊಂಡು ಬಿಸಿಯಾಗಿರುವಾಗಲೇ ತಿನ್ನಬೇಕು.