ಹಂಪಿಯ ಬಂಡೆಗಳೆದುರು ಕೂತು ಜಲವರ್ಣ ಚಿತ್ರ ಬರೆಯುವ ಬಗೆ

ಸ್ಟುಡಿಯೊದಲ್ಲಿ ದೀಪ ಇಟ್ಟ ಕಡೆಯೇ ಇರುತ್ತದೆ. ಬಯಲಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎರಡು ಗಂಟೆ ಕೂತು ಕಂಡದ್ದನ್ನು ಕಂಡ ಹಾಗೆ ಬರೆಯುತ್ತ ಹೋದರೆ ಒಂದು ಬಂಡೆಯ ನೆರಳು ಏಳು ಗಂಟೆಯದ್ದು, ಪಕ್ಕದ ಬಂಡೆಯದ್ದು ಒಂಬತ್ತು ಗಂಟೆಯದ್ದು ಆಗುತ್ತದೆ. ಹೊರಗೆ ಕೂತು ಬರೆದ ಚಿತ್ರಗಳು ಬಹುಪಾಲು ಕೆಡುವುದು ಇಲ್ಲೇ. ನೆರಳನ್ನು ಮೊದಲ ಹತ್ತು ನಿಮಿಷದಲ್ಲಿ ಗೊತ್ತುಮಾಡಿಕೊಂಡು, ಆಮೇಲೆ ಎದುರಿಗೆ ಏನೇ ಬದಲಾದರೂ ಅದನ್ನು ಬಿಡದಿರುವುದೇ ಈ ಕೆಲಸದ ಅರ್ಧ ಪಾಲು. ಅದನ್ನು ಕಲಿಯಲು ಹಂಪಿ ಹೇಳಿ ಮಾಡಿಸಿದ ಜಾಗ: ದೊಡ್ಡ ಗುಂಡುಗಳು, ಖಚಿತವಾದ ನೆರಳು, ಬೆರಳೆಣಿಕೆಯ ಬಣ್ಣಗಳು.

ನವೆಂಬರ್‌ನಿಂದ ಫೆಬ್ರವರಿವರೆಗೆ, ಬೆಳಿಗ್ಗೆ 7ರಿಂದ 9 ಒಳ್ಳೆಯ ಹೊತ್ತು. ಹೇಮಕೂಟ ಗುಡ್ಡದ ಮೇಲೆ ಉತ್ತರಕ್ಕೆ ಮುಖ ಮಾಡಿ ಕೂತರೆ ವಿರೂಪಾಕ್ಷ ಗುಡಿಯ ಗೋಪುರ ಎದುರಿಗೆ ಬರುತ್ತದೆ. ಆ ದಿನಗಳ ಬಿಸಿಲು ಬಲಗಡೆಯಿಂದ, ತುಸು ಬೆನ್ನ ಹಿಂದಿನಿಂದ ಬೀಳುವುದರಿಂದ ಬಂಡೆಗಳ ಬಲಮೈ ಬೆಳಗಿ ಎಡಮೈ ನೆರಳಾಗುತ್ತದೆ. ಮಧ್ಯಾಹ್ನ ಹತ್ತಿರವಾದಂತೆ ಸೂರ್ಯ ಪೂರ್ತಿ ಬೆನ್ನಿಗೆ ಬಂದು ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಆಗ ಬರೆಯದಿರುವುದೇ ಮೇಲು.

ಕೂರುವುದು ಮಂಟಪದ ಅಥವಾ ಬಂಡೆಯ ನೆರಳಲ್ಲಿ. ಹಾಳೆಯ ಮೇಲೆ ನೇರ ಬಿಸಿಲು ಬಿದ್ದರೆ ಬಣ್ಣವೆಲ್ಲ ತಿಳಿಯಾಗಿ ಕಾಣುತ್ತದೆ, ಕೈ ತಾನಾಗಿಯೇ ಗಾಢ ಮಾಡುತ್ತ ಹೋಗುತ್ತದೆ, ಮನೆಗೆ ತಂದರೆ ಚಿತ್ರ ಮಂಕು. ಬಣ್ಣದ ಕೊಡೆ, ಕೆಂಪು ಅಂಗಿ ಬೇಡ. ಎರಡರ ಛಾಯೆಯೂ ಹಾಳೆಗೆ ಹೊಡೆಯುತ್ತದೆ. ಕರಿ ಕನ್ನಡಕವನ್ನು ಬ್ಯಾಗಿನಲ್ಲೇ ಬಿಡಿ.

ಸಾಮಾನು ಕಡಿಮೆಯಿದ್ದಷ್ಟೂ ಒಳ್ಳೆಯದು. ಹಾಳೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವುದು), ಕೋಲ್ಡ್ ಪ್ರೆಸ್ಡ್ (ತುಸು ತರಿತರಿ ಮೈಯದು), ಸಾಧ್ಯವಾದರೆ ಪೂರ್ತಿ ಹತ್ತಿಯದು. ಅಳತೆ 11×15 ಇಂಚು. ಹೊಸಬರಿಗೆ ಅದರ ಅರ್ಧ ಸಾಕು. ತೆಳು ಹಾಳೆ ನೀರು ತಾಗಿದ ಕೂಡಲೇ ಸುಕ್ಕಾಗಿ, ತಗ್ಗುಗಳಲ್ಲಿ ಬಣ್ಣ ನಿಲ್ಲುತ್ತದೆ. ಹಾಳೆಯನ್ನು ಮನೆಯಲ್ಲೇ ಪ್ಲೈವುಡ್ ಹಲಗೆಗೆ ನಾಲ್ಕೂ ಬದಿ ಮಾಸ್ಕಿಂಗ್ ಟೇಪ್ ಹಾಕಿ ಅಂಟಿಸಿಕೊಂಡು ಬನ್ನಿ. ರೌಂಡ್ ಬ್ರಶ್ 12, 8 ಮತ್ತು 4. ಬಣ್ಣ ಆರು: ಅಲ್ಟ್ರಾಮರೀನ್ (ಕಡುನೀಲಿ), ಕೋಬಾಲ್ಟ್ ಬ್ಲೂ, ಯೆಲ್ಲೋ ಓಕರ್ (ಮಣ್ಣುಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲಿಜರಿನ್ ಕ್ರಿಮ್ಸನ್ (ಕಡುಗೆಂಪು), ಲೆಮನ್ ಯೆಲ್ಲೋ. ಕಪ್ಪು ಬಣ್ಣ ತರಲೇಬೇಡಿ. ನೀರಿಗೆ ಎರಡು ಡಬ್ಬಿ, ಒಂದು ಬ್ರಶ್ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಜೊತೆಗೆ ಒಂದು ಸಣ್ಣ ಸ್ಪ್ರೇ ಬಾಟಲಿ, ಹಳೇ ಹತ್ತಿ ಬಟ್ಟೆ. ತಿಂಡಿಯನ್ನು ಬ್ಯಾಗಿನ ಒಳಗೇ ಇಡಿ, ಅಲ್ಲಿನ ಮಂಗಗಳು ಬಿಡುವುದಿಲ್ಲ.

ಕೂತ ಕೂಡಲೇ ಹಲಗೆ ಮುಟ್ಟಬೇಡಿ. ರಟ್ಟಿನಲ್ಲಿ 5.5×7.5 ಸೆಂಟಿಮೀಟರಿನ ಕಿಂಡಿ ಕತ್ತರಿಸಿಕೊಂಡು ಅದರೊಳಗಿಂದ ನೋಡಿ. 11×15ರ ಹಾಳೆಗೆ ಅದೇ ಪ್ರಮಾಣ. ಚೌಕಟ್ಟು ಸಿಕ್ಕಿದ ಮೇಲೆ ಸಣ್ಣ ಪುಸ್ತಕದಲ್ಲಿ, ಬೆಂಕಿಪೊಟ್ಟಣದ ಅಳತೆಯಲ್ಲಿ, 4ಬಿ ಪೆನ್ಸಿಲಿನಿಂದ ಬಿಳಿ, ನಡುಬೂದು, ಕಡುಬೂದು ಎಂದು ಮೂರೇ ಟೋನಿನ ಗೀಚುಚಿತ್ರ ಮಾಡಿ. ಬಿಸಿಲು ಬರುವ ಕಡೆಗೆ ಬಾಣದ ಗುರುತು ಹಾಕಿ, ಗಂಟೆ ಬರೆದಿಡಿ. ಮುಂದಿನ ಎರಡು ಗಂಟೆ ನೆರಳಿನ ವಿಷಯದಲ್ಲಿ ನೋಡಬೇಕಾದ್ದು ಇದನ್ನೇ. ಒಂದು ಫೋಟೋ ಕೂಡ ತೆಗೆದುಕೊಳ್ಳಿ, ನೆರಳಿನ ಅಂಚು ನೋಡಲು ಮಾತ್ರ. ಫೋಟೋದಲ್ಲಿ ನೆರಳು ಕಪ್ಪಾಗಿಯೇ ಬರುತ್ತದೆ, ಅದರ ಬಣ್ಣವನ್ನು ನಂಬಬೇಡಿ.

ದೊಡ್ಡ ಹಾಳೆಗೆ ಎಚ್‌ಬಿ ಪೆನ್ಸಿಲಿನ ಹಗುರ ಗೆರೆ ಸಾಕು, ನೆರಳಿನ ಅಂಚುಗಳೂ ಸೇರಿ. ರಬ್ಬರಿನಿಂದ ಉಜ್ಜಿದರೆ ಹಾಳೆಯ ಮೈ ಎದ್ದು ಅಲ್ಲಿ ಬಣ್ಣ ಕಲೆಯಾಗುತ್ತದೆ.

ಮೊದಲ ವಾಶ್, ಅಂದರೆ ತೆಳು ಬಣ್ಣದ ಲೇಪ, ಇಡೀ ಹಾಳೆಗೆ ಒಂದೇ ಹರಿವಿನಲ್ಲಿ ಹೋಗಬೇಕು. ಹಲಗೆಯನ್ನು ನಿಮ್ಮ ಕಡೆ ತುಸು ಇಳಿಜಾರಾಗಿಸಿ, ಬಣ್ಣವನ್ನು ನೀರುಮಜ್ಜಿಗೆಯಷ್ಟು ತೆಳ್ಳಗೆ ಕಲಸಿ. ಆಕಾಶಕ್ಕೆ ಕೋಬಾಲ್ಟ್, ದಿಗಂತದ ಹತ್ತಿರ ಕೊಂಚ ಓಕರ್, ಬಂಡೆಗಳಿಗೆ ಓಕರ್ ಜೊತೆ ಚೂರು ಸಿಯೆನ್ನಾ. ಬಿಸಿಲು ನೇರವಾಗಿ ಹೊಡೆಯುವ ನೆತ್ತಿಗಳಲ್ಲಿ ಹಾಳೆಯ ಬಿಳಿಯನ್ನೇ ಬಿಡಿ. ಹಂಪಿಯ ಒಣಹವೆಗೆ ವಾಶಿನ ಅಂಚು ಬೇಗ ಗಟ್ಟಿಯಾಗುತ್ತದೆ; ಅರ್ಧದಲ್ಲಿ ಬಣ್ಣ ಕಲಸಲು ನಿಂತರೆ ಗೆರೆ ಉಳಿಯಿತೆಂದೇ ಲೆಕ್ಕ. ಬೇಕಾದ ಬಣ್ಣವನ್ನೆಲ್ಲ ಮೊದಲೇ, ಬೇಕಾದ್ದಕ್ಕಿಂತ ಹೆಚ್ಚೇ, ಕಲಸಿಟ್ಟುಕೊಳ್ಳಿ. ಇನ್ನು ಅರೆಒಣಗಿದ ಜಾಗಕ್ಕೆ ನೀರು ತುಂಬಿದ ಬ್ರಶ್ ತಾಗಿಸಿದರೆ ಆ ನೀರು ಬಣ್ಣವನ್ನು ಹೊರಗೆ ತಳ್ಳಿ ಹರಕು ಅಂಚಿನ ಕಲೆ ಬೀಳುತ್ತದೆ, ಮತ್ತೆ ಅದು ಹೋಗುವುದಿಲ್ಲ. ಒಣಗಿದೆಯೇ ಎಂದು ಬೆರಳಿನ ಹಿಂಬದಿಯಿಂದ ನೋಡಿ. ತಣ್ಣಗಿದ್ದರೆ ಇನ್ನೂ ಹಸಿ.

ಈಗ ನೆರಳು. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿ ಬೂದು ಮಾಡಿ, ನೀಲಿ ಒಂದು ಕೈ ಮುಂದಿರಲಿ. ಜಲವರ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ ಹಸಿಯಲ್ಲಿ ಕಣ್ಣಿಗೆ ಜಾಸ್ತಿಯಾಯಿತು ಅನ್ನಿಸುವಷ್ಟು ಗಾಢವಾಗಿಯೇ ಹಚ್ಚಬೇಕು. ಒಂದು ಬಂಡೆ ತೆಗೆದುಕೊಳ್ಳಿ: ಅದರ ಎಡಮೈಯ ನೆರಳಿನಿಂದ ಶುರುಮಾಡಿ, ಬ್ರಶ್ ಎತ್ತದೆ, ನೆಲಕ್ಕೆ ಬಿದ್ದ ನೆರಳಿನವರೆಗೆ ಒಂದೇ ತುಂಡಾಗಿ ಎಳೆಯಿರಿ. ಬೇರೆಬೇರೆ ಹಚ್ಚಿದರೆ ಬಂಡೆ ನೆಲದ ಮೇಲೆ ಕೂರದೆ ತೇಲುತ್ತದೆ. ಬಂಡೆಯ ಮೈ ದುಂಡಗೆ ತಿರುಗುವಲ್ಲಿ ಹಿಂಡಿದ ಒದ್ದೆ ಬ್ರಶ್ಶಿನಿಂದ ಅಂಚನ್ನು ಕರಗಿಸಿ. ನೆಲದ ನೆರಳಿನ ಅಂಚು ಬುಡದ ಹತ್ತಿರ ಚೂಪಾಗಿಯೇ ಇರಲಿ. ಇನ್ನೂ ಹಸಿಯಿರುವಾಗಲೇ ನೆರಳಿನ ಕೆಳಭಾಗಕ್ಕೆ ಒಂದು ತೊಟ್ಟು ಸಿಯೆನ್ನಾ ಬಿಡಿ. ಬಿಸಿಲು ಬಿದ್ದ ನೆಲ ತನ್ನ ಬೆಚ್ಚಗಿನ ಬೆಳಕನ್ನು ಬಂಡೆಯ ಹೊಟ್ಟೆಗೆ ಎಸೆಯುತ್ತಿರುತ್ತದೆ, ನೆರಳಿಗೆ ಜೀವ ಬರುವುದು ಅದರಿಂದ. ಹಚ್ಚಿದ ಮೇಲೆ ಮತ್ತೆ ಮುಟ್ಟಬೇಡಿ. ಮೇಲಿಂದ ಮೇಲೆ ತೀಡಿದರೆ ಕೆಳಗಿನ ಓಕರ್ ಎದ್ದು ರಾಡಿಯಾಗುತ್ತದೆ.

ಕೊನೆಗೆ 4ನೇ ನಂಬರಿನ ಬ್ರಶ್ಶಿನಲ್ಲಿ ಬಿರುಕು, ದೂರದ ಜನ, ಗೋಪುರದ ಅಂತಸ್ತುಗಳ ಕೆಳಗಿನ ಕಡುಗೆರೆ. ಗೋಪುರದ ಶಿಲ್ಪಗಳನ್ನು ಎಣಿಸಿ ಬರೆಯಲು ಹೋಗಬೇಡಿ, ಅಷ್ಟು ದೂರದಿಂದ ಅವು ಬರೀ ಬೆಳಕು-ನೆರಳಿನ ಚುಕ್ಕೆ.

ಮಳೆಗಾಲದ ಮಲೆನಾಡಿನಲ್ಲಿ ಲೆಕ್ಕ ತಿರುಗುಮುರುಗು. ವಾಶ್ ಬೇಗ ಒಣಗುವುದೇ ಇಲ್ಲ, ಹಾಗಾಗಿ ನೀರು ಕಡಿಮೆ ಮಾಡಿ, ಅಳತೆ ಚಿಕ್ಕದು ಮಾಡಿ, ಮೃದು ಅಂಚುಗಳನ್ನೇ ನೆಚ್ಚಿಕೊಳ್ಳಬೇಕು. ಚಿತ್ರಕಾರ ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣಗಳು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿವೆ. ಬೆಟ್ಟದ ಹವೆಯನ್ನು ಬಣ್ಣಕ್ಕೆ ಇಳಿಸುವುದು ಹೇಗೆಂದು ಅವುಗಳ ಮುಂದೆ ನಿಂತು ನೋಡಬೇಕು.

ಏಳುವಾಗ ಬಣ್ಣದ ನೀರನ್ನು ಬಂಡೆ ಮೇಲೋ ಮಂಟಪದ ಕಲ್ಲಿನ ಮೇಲೋ ಚೆಲ್ಲಬೇಡಿ. ಮುಚ್ಚಳವಿರುವ ಬಾಟಲಿಯಲ್ಲಿ ವಾಪಸ್ ತನ್ನಿ. ಕಲ್ಲಿಗೆ ಟೇಪ್ ಅಂಟಿಸುವುದೂ ಬೇಡ. ಹಲಗೆಗೆ ಸ್ಟ್ಯಾಂಡ್ ನಿಲ್ಲಿಸುವುದಾದರೆ ಅದಕ್ಕೆ ಮುಂಚೆ ಕಾವಲಿನವರನ್ನು ಒಂದು ಮಾತು ಕೇಳಿ.

ಚಿತ್ರವನ್ನು ಅಳೆಯುವುದು ಮನೆಯೊಳಗಿನ ಬೆಳಕಿನಲ್ಲಿ. ಗೋಡೆಗೆ ಒರಗಿಸಿ ಗೀಚುಚಿತ್ರವನ್ನು ಪಕ್ಕದಲ್ಲಿಡಿ. ಇಡೀ ಚಿತ್ರ ಮಂಕಾಗಿದ್ದರೆ ಹಾಳೆಗೆ ಬಿಸಿಲು ಬಿದ್ದಿತ್ತು, ಕೂರುವ ಜಾಗ ಬದಲಿಸಬೇಕು. ನೆರಳು ಮಾತ್ರ ಪೇಲವವಾಗಿದ್ದರೆ ಬಣ್ಣಕ್ಕೆ ನೀರು ಜಾಸ್ತಿಯಾಗಿತ್ತು. ಬಿಳಿ ನೆತ್ತಿಗಳೇ ಕಾಣದಿದ್ದರೆ ಮುಂದಿನ ಸಲ ಅವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೇ ವಾಶ್ ಶುರುಮಾಡಿ.