ಬೆಲ್‌ವ್ಯೂಗೆ ಹೊಸಬರೇ? ರಸ್ತೆ ಬದಿಯ ಜಾಲರಿಯನ್ನು ಮೊದಲು ನೋಡಿಕೊಳ್ಳಿ

ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಲ್ಲಿ ಮನೆ ಮಾಡಿದವರು ಮೊದಲ ಯುಟಿಲಿಟಿ ಬಿಲ್ ಹಿಡಿದು ನನ್ನನ್ನು ಕೇಳುತ್ತಾರೆ: "ನೀರಿಗೆ ದುಡ್ಡು ಸರಿ, ಒಳಚರಂಡಿಗೂ ಸರಿ, ಈ ಮೂರನೆಯದು ಯಾತಕ್ಕೆ?"

ಅದು ಮಳೆನೀರಿನ ಶುಲ್ಕ. ಛಾವಣಿ, ಡ್ರೈವ್‌ವೇ ಮೇಲೆ ಬಿದ್ದು ಇಂಗದೆ ಹರಿಯುವ ನೀರನ್ನು ನಗರವೇ ನಿಭಾಯಿಸಬೇಕಲ್ಲ, ಅದಕ್ಕೆ. ಜಾಗದ ಅಳತೆ ಎಷ್ಟು, ಅದರ ಮೇಲೆ ಎಷ್ಟು ಕಟ್ಟಿದ್ದಾರೆ ಎಂಬುದರ ಮೇಲೆ ಲೆಕ್ಕ. ಎರಡು ತಿಂಗಳು ಊರಿಗೆ ಹೋಗಿ ನಲ್ಲಿ ತಿರುಗಿಸದಿದ್ದರೂ ಇದು ಇಳಿಯುವುದಿಲ್ಲ. ಬೆಲ್‌ವ್ಯೂ ಇದಕ್ಕೆಂದೇ 1974ರಲ್ಲಿ ಬೇರೆ ವಿಭಾಗ ಮಾಡಿತು. ಅಮೆರಿಕದಲ್ಲಿ ಮೊದಮೊದಲು ಹೀಗೆ ಮಾಡಿದ ಊರುಗಳಲ್ಲಿ ಇದೂ ಒಂದು. ಕರೆಂಟು, ಗ್ಯಾಸ್ ಈ ಬಿಲ್ಲಿನಲ್ಲಿಲ್ಲ, ಅವು ಪ್ಯೂಜೆಟ್ ಸೌಂಡ್ ಎನರ್ಜಿ ಎಂಬ ಕಂಪನಿಯವು. ಕಸದ ಬಿಲ್ ಬೇರೆ.

ಇಲ್ಲಿ ಪೈಪು ಎರಡು. ಸಿಂಕ್, ಬಚ್ಚಲಿನ ನೀರು ಕಿಂಗ್ ಕೌಂಟಿಯ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ರಸ್ತೆ ಬದಿಯ ಕಬ್ಬಿಣದ ಜಾಲರಿಗೆ ಬಿದ್ದದ್ದು ಬಹುಪಾಲು ಶುದ್ಧವಾಗದೆ ಹತ್ತಿರದ ಹಳ್ಳ ಸೇರಿ, ಅಲ್ಲಿಂದ ಲೇಕ್ ವಾಷಿಂಗ್ಟನ್ನಿಗೋ ಲೇಕ್ ಸಮಾಮಿಷ್‌ಗೋ ಹೋಗುತ್ತದೆ. ಬೆಂಗಳೂರಿನ ರಾಜಕಾಲುವೆಗೆ ಕೊಳಚೆ ಸೇರುವುದನ್ನೇ ಕಂಡು ಬಂದ ನಮಗೆ ಎರಡೂ ಒಂದೇ ಮೋರಿ ಅನ್ನಿಸುವುದು ಸಹಜ.

ನನಗೂ ಹಾಗೇ ಅನ್ನಿಸಿತ್ತು. ಮೊದಲ ಬೇಸಿಗೆಯಲ್ಲಿ ಡ್ರೈವ್‌ವೇನಲ್ಲಿ ಕಾರು ತೊಳೆದೆ, ನೊರೆಯೆಲ್ಲ ಜಾಲರಿಗೆ ಹೋಯಿತು. ಪಕ್ಕದ ಮನೆಯ ಅಜ್ಜಿ ಬೈಯಲಿಲ್ಲ. ಅಕ್ಟೋಬರಿನಲ್ಲಿ ಊರೊಳಗಿನ ಕೆಲ್ಸಿ ಕ್ರೀಕ್ ಎಂಬ ಹಳ್ಳಕ್ಕೆ ಕರೆದುಕೊಂಡು ಹೋಗಿ, ಮೊಟ್ಟೆಯಿಡಲು ಸಮುದ್ರದಿಂದ ವಾಪಸು ಬಂದ ಸಾಲ್ಮನ್ ಮೀನು ತೋರಿಸಿದರು. ಪಾದ ಮುಳುಗುವಷ್ಟೇ ನೀರು, ಅದರಲ್ಲಿ ಮೊಳದುದ್ದದ ಮೀನು ಬೆನ್ನು ಹೊರಗೆ ಹಾಕಿಕೊಂಡು ಮೇಲಕ್ಕೆ ಈಜುತ್ತಿತ್ತು. ಮಕ್ಕಳಿದ್ದರೆ ತಪ್ಪದೆ ಕರೆದುಕೊಂಡು ಹೋಗಿ. ಅಂದಿನಿಂದ ನಾನು ಕಾರು ತೊಳೆಸುವುದು ಕಾರ್‌ವಾಶ್‌ನಲ್ಲೇ. ಅಲ್ಲಿನ ನೀರು ಒಳಚರಂಡಿಗೆ ಹೋಗುತ್ತದೆ.

ಟೈರಿನ ಪುಡಿಯಿಂದ ಹುಟ್ಟುವ ಒಂದು ರಾಸಾಯನಿಕವೇ ಕೊಹೊ ಜಾತಿಯ ಸಾಲ್ಮನ್‌ಗಳನ್ನು ಮೊಟ್ಟೆಯಿಡುವ ಮೊದಲೇ ಕೊಲ್ಲುತ್ತಿದೆ ಎಂದು ಇದೇ ಭಾಗದ ವಿಜ್ಞಾನಿಗಳು 2020ರಲ್ಲಿ ಕಂಡುಹಿಡಿದರು. ಆ ನೀರು ಮಣ್ಣಿನಲ್ಲಿ ಇಂಗಿ ಸೋಸಿ ಬಂದರೆ ಮೀನು ಬದುಕುತ್ತದೆ. ರಸ್ತೆ ಬದಿಯಲ್ಲಿ ಗಿಡ ನೆಟ್ಟ ತಗ್ಗು ಪಾತಿ ಕಂಡರೆ ಅದು ಇದಕ್ಕೇ ಇರುವುದು, ತುಳಿಯಬೇಡಿ, ಮುಚ್ಚಬೇಡಿ.

ಅಡುಗೆಮನೆಯಲ್ಲೂ ಎಚ್ಚರ ಬೇಕು. ಬೋಂಡ ಕರಿದ ಎಣ್ಣೆ ಸಿಂಕಿಗೆ ಬೇಡ, ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಆರಿದ ಮೇಲೆ ಡಬ್ಬಿಗೆ ಸುರಿದು ಕಸಕ್ಕೆ ಹಾಕಿ. ಗಣಪತಿಯನ್ನು ಕೆರೆಗೆ ಒಯ್ಯಬೇಡಿ. ಬಣ್ಣವಿಲ್ಲದ ಮಣ್ಣಿನ ಗಣಪ ತಂದು ಬಕೆಟ್‌ನಲ್ಲಿ ಬಿಟ್ಟು, ಕರಗಿದ ಮಣ್ಣನ್ನು ಗಿಡದ ಬುಡಕ್ಕೆ ಹಾಕಿ. ನಮ್ಮ ಮನೆಯಲ್ಲಿ ಹಾಗೇ ಮಾಡುತ್ತೇವೆ.

ಅಕ್ಟೋಬರ್ ಬಂತೆಂದರೆ ಎಲೆ ಉದುರಿ ಜಾಲರಿ ಕಟ್ಟಿಕೊಳ್ಳುತ್ತದೆ, ಒಂದೇ ಮಳೆಗೆ ರಸ್ತೆಯಲ್ಲಿ ನೀರು ನಿಲ್ಲುತ್ತದೆ. ರಸ್ತೆಗಿಳಿಯದೆ ಫುಟ್‌ಪಾತ್‌ನಿಂದಲೇ ಎಲೆಗಳನ್ನು ಎಳೆದು ತೆಗೆಯಿರಿ. ನೀರು ಆಳವಾಗಿ ನಿಂತಿದ್ದರೆ ಕೈ ಹಾಕಬೇಡಿ, ನಗರದ ನೀರು, ಚರಂಡಿ ನೋಡಿಕೊಳ್ಳುವ ಬೆಲ್‌ವ್ಯೂ ಯುಟಿಲಿಟೀಸ್‌ಗೆ ಫೋನ್ ಮಾಡಿ. ನಡುರಾತ್ರಿಯಾದರೂ ಎತ್ತುತ್ತಾರೆ.